ಪ್ರಶ್ನೆಯ ಪದ

ಹೃದಯಾಘಾತದಿಂದ ಚೇತರಿಸಿಕೊಂಡ ನಮ್ಮ ತಂದೆಯವರು ನಡೆದಾಡಲೂ ಅಂಜುತ್ತಿದ್ದರು. 78ರ ವಯಸ್ಸಿನಲ್ಲಿ ವ್ಯಾಯಾಮ ಹಿತವೇ? ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1996ರಲ್ಲಿ ಆರಂಭಿಸಿದ ಪಬ್‌ಮೆಡ್‌ನಲ್ಲಿ ನಾವು ನಮ್ಮ ಅಳಲನ್ನೆಲ್ಲ ಉದ್ದನೆಯ ಇಂಗ್ಲಿಷ್ ವಾಕ್ಯವಾಗಿ ಬರೆದೆವು. ಅಷ್ಟೂ ಪದಗಳನ್ನು ಒಂದೇ ಲೇಖನದಲ್ಲಿ ಅರಸಿದ ಅದು ಬರಿಗೈ ತೋರಿತು.

ಅಲ್ಲಿ ವಿಷಯಗಳಿಗೆ ಗೊತ್ತುಪಡಿಸಿದ ಶೀರ್ಷಿಕೆಗಳುಂಟೆಂದು ಬಳಿಕ ಅರಿತೆವು. ಹೃದಯಾಘಾತಕ್ಕೆ 'ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್'. ಅದನ್ನು 'ಎಕ್ಸರ್‌ಸೈಜ್' ಪದದೊಡನೆ ದೊಡ್ಡಕ್ಷರದ 'ಆ್ಯಂಡ್'ನಿಂದ ಬೆಸೆದು, 65 ತುಂಬಿದವರು, ಸಮೀಕ್ಷಾ ಲೇಖನಗಳು ಎಂಬೆರಡು ಜರಡಿ ಹಿಡಿದೆವು.

ದೊರೆತ ಎರಡು ಸಾರಾಂಶಗಳನ್ನು ವೈದ್ಯರ ಮುಂದಿಟ್ಟೆವು. ಅವರು ಓದಿ, ತಂದೆಯವರನ್ನು ಪರೀಕ್ಷಿಸಿ, ನಡಿಗೆಯ ಅಳತೆ ಬರೆದುಕೊಟ್ಟರು. ನಿರ್ಣಯ ವೈದ್ಯರದೇ, ಸರಿಯಾದ ಪ್ರಶ್ನೆಯನ್ನು ಒಯ್ಯುವ ಹೊಣೆ ಮನೆಯವರದು. ಇಂದು ಸಂಜೆ ತಂದೆಯವರು ತಾವಾಗಿಯೇ ಚಪ್ಪಲಿ ಮೆಟ್ಟಿದರು.