ಚೆಂಡು ಮತ್ತು ಮಣ್ಣಿನ ಬಟ್ಟಲು

ವಿಜಯಪುರದ ಜೋರಾಪುರ ಪೇಟೆಯ ಓಣಿಯಲ್ಲಾಗಲಿ, ಲಂಡನ್ನಿನ ಮೈದಾನದಲ್ಲಾಗಲಿ, ಚೆಂಡು ತನ್ನನ್ನು ಹಿಡಿದ ಕೈಯ ಕುಲವನ್ನು ಕೇಳುವುದಿಲ್ಲ. ಕೇಳುವವನು ಮನುಷ್ಯ.

1876ರಲ್ಲಿ ಧಾರವಾಡದಲ್ಲಿ ಜನಿಸಿದ ಕ್ರಿಕೆಟ್ ಆಟಗಾರ ಪಲ್ವಾಂಕರ್ ಬಾಳೂ ಅವರ ಜೀವನ ಇದಕ್ಕೆ ಸಾಕ್ಷಿ. ಅಸ್ಪೃಶ್ಯರೆಂದು ದೂರವಿರಿಸಿದ್ದ ಸಮುದಾಯದ ಈ ತರುಣ, ಪುಣೆಯ ಐರೋಪ್ಯರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳಕ್ಕೆ ಮೈದಾನವನ್ನು ಸಮಮಾಡುತ್ತ, ಬಲೆ ಕಟ್ಟುತ್ತ, ಆಂಗ್ಲರ ಅಭ್ಯಾಸಕ್ಕಾಗಿ ಎಡಗೈಯಿಂದ ಚೆಂಡೆಸೆಯುತ್ತ ಆ ವಿದ್ಯೆಯನ್ನು ಕರಗತ ಮಾಡಿಕೊಂಡರು. ಪುಣೆಯ ಹಿಂದೂ ತಂಡವು ಗೆಲುವಿನ ಆಸೆಯಿಂದ ಅವರನ್ನು ಸೇರಿಸಿಕೊಂಡಿತು. ಆದರೆ ಚಹದ ವೇಳೆಯಲ್ಲಿ ಉಳಿದವರು ಒಳಗೆ ಕುಳಿತು ಕುಡಿಯುವಾಗ, ಬಾಳೂ ಅವರಿಗೆ ಹೊರಗೆ, ಕುಡಿದು ಬಿಸುಡುವ ಮಣ್ಣಿನ ಬಟ್ಟಲಿನಲ್ಲಿ ಕೊಡುತ್ತಿದ್ದರು. ಅವರು ಮುಟ್ಟಿದ ಚೆಂಡು ಮೈಲಿಗೆಯಾಗಲಿಲ್ಲ. ಮುಟ್ಟಿದ ಬಟ್ಟಲು ಮೈಲಿಗೆಯಾಯಿತು!

1906ರಲ್ಲಿ ಮುಂಬಯಿಯಲ್ಲಿ ಹಿಂದೂಗಳು ಐರೋಪ್ಯರನ್ನು 109 ಓಟಗಳಿಂದ ಸೋಲಿಸಿದಾಗ ಬಾಳೂ ಆ ತಂಡದಲ್ಲಿದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಪಡೆದರು. ಆದರೂ ಮುಂಬಯಿಯ ವಾರ್ಷಿಕ ಸ್ಪರ್ಧೆಯಲ್ಲಿ ಹಿಂದೂ ತಂಡದ ನಾಯಕತ್ವಕ್ಕೆ ಅವರನ್ನು ಆರಿಸಲಿಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲ ಆ ಸ್ಥಾನಕ್ಕೇರಿ ತಂಡವನ್ನು ಗೆಲ್ಲಿಸಿದರು. ಬಾಳೂ ಅವರ ಆಟದ ದಿನಗಳು ಅಷ್ಟರಲ್ಲಿ ಮುಗಿದಿದ್ದವು.

ಕುಲಮದದ ರೀತಿಯೇ ಹೀಗೆ: ಗುಣದ ಫಲವನ್ನುಂಡು ಗುಣವಂತನನ್ನು ಹೊಸ್ತಿಲಾಚೆ ನಿಲ್ಲಿಸುತ್ತದೆ. ಇದನ್ನು ಗತಕಾಲದ ಮಾತೆಂದು ಮರೆಯುವುದು ಸುಲಭ. ಆದರೆ ಕೆಲಸಕ್ಕೆ ಬರುವವರಿಗೆಂದು ಲೋಟವೊಂದನ್ನು ಬೇರೆಯಿರಿಸಿದ ಮನೆಯಲ್ಲಿ, ಬಾಳೂ ಅವರ ಆ ಮಣ್ಣಿನ ಬಟ್ಟಲು ಇನ್ನೂ ಒಡೆದಿಲ್ಲ.