ಒಂದು ಸಾಲಿನ ಅಪಪಾಠ

ಹಳೆಯ ಓಲೆಯ ಕಟ್ಟನ್ನು ಹೊಸ ಗರಿಗಳಿಗೆ ಇಳಿಸುವ ಲಿಪಿಕಾರನಿಂದ ಎರಡು ಬಗೆಯ ದೋಷಗಳು ಘಟಿಸಬಹುದು. ಅಕ್ಷರವನ್ನು ತಪ್ಪಾಗಿ ಓದಿ ಅಪಪಾಠಕ್ಕೆ ಎಡೆಗೊಡುವುದು ಒಂದು. ಅಕ್ಷರವನ್ನೇ ಕಳೆದುಬಿಡುವುದು ಇನ್ನೊಂದು. ಮೊದಲನೆಯದನ್ನು ಸಂಪಾದಕನು ಊಹೆಯಿಂದ ತಿದ್ದಬಲ್ಲ. ಎರಡನೆಯದರ ಎದುರು ಚುಕ್ಕಿಗಳನ್ನಿಟ್ಟು ಮುಂದೆ ಸಾಗಬೇಕಷ್ಟೆ. ಗ್ರಂಥಸಂಪಾದನೆಯ ತರಗತಿಯಲ್ಲಿ ವರ್ಷವರ್ಷವೂ ಹೇಳಲಾಗುವ ಈ ಭೇದವು ಸರ್ವರಿನಲ್ಲಿರುವ ಪುಟಗಳಿಗೂ ಅನ್ವಯಿಸುತ್ತದೆಂಬುದು ಪದವಿ ಕಾಲೇಜೊಂದರ ಕನ್ನಡ ಅಧ್ಯಾಪಕರಿಗೆ ಮನವರಿಕೆಯಾದದ್ದು 2007ರ ಮಳೆಗಾಲದಲ್ಲಿ.

ಆ ವಿಭಾಗದ ಜಾಲತಾಣವು ವರ್ಡ್‌ಪ್ರೆಸ್ ಎಂಬ ತಂತ್ರಾಂಶವನ್ನು ಆಶ್ರಯಿಸಿತ್ತು. ಮಿಶೆಲ್ ವಾಲ್ಡ್ರಿಘಿ ಅವರು ರಚಿಸಿದ್ದ ಬಿ2 ಎಂಬ ತಂತ್ರಾಂಶದ ಬೆಳವಣಿಗೆ ನಿಂತುಹೋದಾಗ, ಅದರ ಕವಲಾಗಿ ಅಮೆರಿಕದ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟಲ್ ಇದನ್ನು ರೂಪಿಸಿದರು. ಮೊದಲ ಆವೃತ್ತಿ ಹೊರಬಂದದ್ದು 2003ರ ಮೇ 27ರಂದು. ಇದರಲ್ಲಿ ಪುಟವೆಂಬುದು ಸಿದ್ಧವಸ್ತುವಲ್ಲ. ಬರಹವು ಮೈಎಸ್‌ಕ್ಯೂಎಲ್ ದತ್ತಸಂಚಯದ ಕೋಷ್ಟಕಗಳಲ್ಲಿರುತ್ತದೆ. ಓದುಗನು ವಿಳಾಸವನ್ನು ಒತ್ತಿದಾಗ ಪಿಎಚ್‌ಪಿ ಭಾಷೆಯ ಆದೇಶಗಳು ಅದನ್ನು ಹೊರತೆಗೆದು ಪುಟವನ್ನು ಕಟ್ಟಿಕೊಡುತ್ತವೆ. ಅನುಸ್ಥಾಪನೆಯ ಕೆಲಸ ಐದು ನಿಮಿಷದ್ದೆಂದು ಅದನ್ನು ರಚಿಸಿದವರೇ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಸಂರಚನೆಯ ಕಡತದಲ್ಲಿ ದತ್ತಸಂಚಯದ ಹೆಸರು, ಬಳಕೆದಾರನ ಹೆಸರು, ಗುಪ್ತಪದ ಮತ್ತು ಸರ್ವರಿನ ಹೆಸರು, ಈ ನಾಲ್ಕನ್ನು ತುಂಬಿದರೆ ಮುಗಿಯಿತು.

ಎರಡು ವರ್ಷಗಳಲ್ಲಿ ಅಲ್ಲಿ ಸುತ್ತಲಿನ ಊರುಗಳ ಶಾಸನಪಾಠಗಳು, ವಿದ್ಯಾರ್ಥಿಗಳು ಸಂಗ್ರಹಿಸಿದ ಹಾಡುಗಳು, ಸ್ಥಳನಾಮಗಳ ಟಿಪ್ಪಣಿಗಳು ಸೇರಿದ್ದವು. ವಿಭಾಗದ ನಿವೃತ್ತ ಹಿರಿಯರೊಬ್ಬರು ತಮ್ಮ ಸೀಮೆಯ ಬೇಸಾಯದ ಮಾತುಗಳನ್ನು ಕುರಿತು ಹಾಸಿಗೆಯಲ್ಲಿ ಮಲಗಿದ್ದಂತೆಯೇ ಹೇಳಿ ಬರೆಸಿದ ಲೇಖನವೂ ಅದರಲ್ಲಿತ್ತು. ವಿದ್ಯಾರ್ಥಿನಿಯೊಬ್ಬಳು ಅದನ್ನು ಕೇಳಿದಂತೆಯೇ ನೇರವಾಗಿ ತಾಣದಲ್ಲಿ ಬೆರಳಚ್ಚಿಸಿದ್ದಳು. ಕಾಗದದ ಪ್ರತಿ ಇರಲಿಲ್ಲ. ಕೆಲವೇ ತಿಂಗಳುಗಳಲ್ಲಿ ಹಿರಿಯರು ತೀರಿಕೊಂಡರು.

2007ರ ಮೇ ತಿಂಗಳಿನಲ್ಲಿ ವರ್ಡ್‌ಪ್ರೆಸ್ಸಿನ 2.2ನೆಯ ಆವೃತ್ತಿ ಬಂದಿತು. ಆಗ ಉನ್ನತೀಕರಣವನ್ನು ಕೈಯಾರೆ ಮಾಡಬೇಕಿತ್ತು. ಮೊದಲು ದತ್ತಸಂಚಯದ ಪ್ರತಿ ತೆಗೆದಿಡುವುದು, ಹಳೆಯ ಆದೇಶಗಳನ್ನು ಅಳಿಸುವುದು, ಸಂರಚನೆಯ ಕಡತವನ್ನು ಮಾತ್ರ ಇದ್ದಂತೆ ಉಳಿಸಿಕೊಂಡು ಹೊಸ ಆದೇಶಗಳನ್ನು ಏರಿಸುವುದು. ಅಧ್ಯಾಪಕರು ಎರಡು ಕಡೆ ಎಡವಿದರು. ಪ್ರತಿ ತೆಗೆಯುವ ಕೆಲಸವನ್ನು ಮರುದಿನಕ್ಕೆ ಬಿಟ್ಟರು. ಹಳೆಯ ಸಂರಚನೆಯ ಬದಲು ಹೊಸ ಮಾದರಿ ಕಡತದಲ್ಲಿಯೇ ಆ ನಾಲ್ಕು ವಿವರಗಳನ್ನು ತುಂಬಿದರು. ಅದರಲ್ಲಿ ಹಿಂದೆ ಇಲ್ಲದ ಒಂದು ಸಾಲಿತ್ತು. ದತ್ತಸಂಚಯದೊಡನೆ ಯುಟಿಎಫ್-8 ಸಂಕೇತದಲ್ಲಿ ವ್ಯವಹರಿಸಬೇಕೆಂಬುದು ಅದರ ವಿಧಿ.

ಪುಟ ತೆರೆದಾಗ ಕನ್ನಡದ ಒಂದಕ್ಷರವೂ ಕಾಣಲಿಲ್ಲ. ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ 'ಎ', ಅದರ ಹೆಗಲಿಗೆ ಪುಟ್ಟದೊಂದು ಎರಡು ಅಥವಾ ಮೂರು, ಬಳಿಕ ಮತ್ತೊಂದು ಚಿಹ್ನೆ. ಇದೇ ಕ್ರಮ ಉದ್ದಕ್ಕೂ. ಈ ಪುನರಾವೃತ್ತಿ ಆಕಸ್ಮಿಕವಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು. ಮೊದಲ ಬೈಟು ಎಲ್ಲಕ್ಕೂ ಒಂದೇ, ಎರಡನೆಯದರಲ್ಲಿ ಎರಡೇ ಭೇದ. ಹಳೆಯ ಕೋಷ್ಟಕಗಳಾದರೋ ಲ್ಯಾಟಿನ್-1 ಎಂಬ ಪಶ್ಚಿಮ ಯುರೋಪಿನ ಸಂಕೇತದವು. ಅವು ಕನ್ನಡದ ಬೈಟುಗಳನ್ನು ಅರ್ಥವರಿಯದೆ ಇಟ್ಟುಕೊಂಡು, ಕೇಳಿದಾಗ ಹಾಗೆಯೇ ಮರಳಿಸುತ್ತಿದ್ದವು. ಹೊಸ ಸಾಲು ಬಂದೊಡನೆ ದತ್ತಸಂಚಯವು ಒಂದೊಂದು ಬೈಟನ್ನೂ ಒಂದೊಂದು ಲ್ಯಾಟಿನ್ ಅಕ್ಷರವೆಂದು ಬಗೆದು 'ಅನುವಾದಿಸಿ' ಕೊಡತೊಡಗಿತು. ಮೂಲ ಕೆಟ್ಟಿರಲಿಲ್ಲ, ಕೆಟ್ಟದ್ದು ಓದು. ಇದು ಅಪಪಾಠ.

ನಷ್ಟ ಸಂಭವಿಸಿದ್ದು ಅನಂತರ. ಹಿರಿಯರ ಲೇಖನವನ್ನೇ ಹುಡುಕಿಕೊಂಡು ಬರುವವರಿದ್ದರು. ಅವರಿಗೆ ಇರಿಸುಮುರಿಸಾಗಬಾರದೆಂದು ಅಧ್ಯಾಪಕರು ಅಲ್ಲಿದ್ದ ಚಿಹ್ನೆಗಳ ರಾಶಿಯನ್ನು ಅಳಿಸಿ, ಪುಟವು ದುರಸ್ತಿಯಲ್ಲಿದೆ, ಶೀಘ್ರವೇ ಮರಳುವುದು ಎಂದು ಕನ್ನಡದಲ್ಲಿ ಬರೆದು ಉಳಿಸಿದರು. ತೆರೆದು ನೋಡಿದರೆ ಆ ಸೂಚನೆಯೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿತ್ತು. ಕನ್ನಡವನ್ನು ಈಗ ಕನ್ನಡವೆಂದೇ ಗುರುತಿಸಿದ ದತ್ತಸಂಚಯಕ್ಕೆ, ಅದನ್ನು ಲ್ಯಾಟಿನ್ ಕೋಷ್ಟಕದಲ್ಲಿ ಇಡಲು ಸ್ಥಳವಿರಲಿಲ್ಲ. ಒಂದೊಂದು ಸಂಕೇತಕ್ಕೂ ಒಂದೊಂದು ಪ್ರಶ್ನೆಯನ್ನಿಟ್ಟಿತು. ಪದಗಳ ನಡುವಣ ತೆರಪು ಮಾತ್ರ ಉಳಿದಿತ್ತು.

ರಾತ್ರಿ ಬೆಂಗಳೂರಿನಲ್ಲಿದ್ದ ಹಳೆಯ ವಿದ್ಯಾರ್ಥಿಗೆ ದೂರವಾಣಿ ಹೋಯಿತು.

"ಸರ್, ಆ ಹೊಸ ಸಾಲೊಂದನ್ನು ತೆಗೆದುಬಿಡಿ. ಬೇರೆ ಏನನ್ನೂ ಮುಟ್ಟಬೇಡಿ" ಎಂದ ಅವನು.

ಸಾಲನ್ನು ತೆಗೆದೊಡನೆ ಶಾಸನಗಳು, ಹಾಡುಗಳು, ಟಿಪ್ಪಣಿಗಳೆಲ್ಲ ಮರಳಿದವು. ಮುಂದಿನ ವಾರ ಆತನೇ ಬಂದು, ಮೊದಲು ಪ್ರತಿ ತೆಗೆದಿಟ್ಟು, ಕೋಷ್ಟಕಗಳನ್ನು ಸರಿಪಡಿಸಿದ. ಲ್ಯಾಟಿನ್ನಿನಿಂದ ನೇರವಾಗಿ ಯುಟಿಎಫ್-8ಕ್ಕೆ ಬದಲಿಸಿದರೆ ಅಪಪಾಠವೇ ಶಾಶ್ವತವಾಗುತ್ತದೆ. ಆದ್ದರಿಂದ ಮೊದಲು ಅಂಕಣಗಳನ್ನು ಯಾವ ಲಿಪಿಯೂ ಅಲ್ಲದ ಬರಿಯ ಬೈಟುಗಳೆಂದು ಘೋಷಿಸಿ, ಬಳಿಕ ಯುಟಿಎಫ್-8 ಎಂದು ಹೆಸರಿಸಬೇಕು. ಆದರೆ ಪ್ರಶ್ನಾರ್ಥಕಗಳಾದ ಪುಟಕ್ಕೆ ಯಾವ ಉಪಾಯವೂ ಇರಲಿಲ್ಲ. ಸರ್ವರನ್ನು ಬಾಡಿಗೆಗೆ ಕೊಟ್ಟವರ ಬಳಿಯೂ ಹಿಂದಿನ ಪ್ರತಿ ಸಿಗಲಿಲ್ಲ. ಒಂದೊಂದು ಸಲ ಉಳಿಸಿದಾಗಲೂ ಹಿಂದಿನ ಪಾಠವನ್ನು ಕಾಪಿಡುವ ಸೌಲಭ್ಯ ವರ್ಡ್‌ಪ್ರೆಸ್ಸಿಗೆ ಬಂದದ್ದು ಮರುವರ್ಷ, 2008ರ ಜುಲೈನ 2.6ನೆಯ ಆವೃತ್ತಿಯಲ್ಲಿ.

ಶೀರ್ಷಿಕೆಯನ್ನು ಮುಟ್ಟಿರಲಿಲ್ಲವಾದ್ದರಿಂದ ಅದು ಉಳಿಯಿತು. ಬೆರಳಚ್ಚಿಸಿದ ವಿದ್ಯಾರ್ಥಿನಿಯ ನೋಟುಬುಕ್ಕಿನಲ್ಲಿ, ತನಗೆ ತಿಳಿಯದವೆಂದು ಗುರುತು ಹಾಕಿಕೊಂಡಿದ್ದ ಹದಿನೇಳು ಪದಗಳು ಅರ್ಥಸಹಿತ ದೊರೆತವು. ಅವನ್ನು ಶೀರ್ಷಿಕೆಯ ಕೆಳಗೆ ಇರಿಸಿ, ಉಳಿದ ಪಾಠ ತ್ರುಟಿತವೆಂದೂ ಅದಕ್ಕೆ ಹೊಣೆ ಕಾಲವಲ್ಲ, ವಿಭಾಗವೇ ಎಂದೂ ಅಧ್ಯಾಪಕರು ಅಡಿಟಿಪ್ಪಣಿ ಬರೆದರು.

ಈಗ ಉನ್ನತೀಕರಣ ಒಂದು ಗುಂಡಿಯ ಕೆಲಸ. ಆದರೂ ಅವರು ಗುಂಡಿ ಒತ್ತುವ ಮುನ್ನ ದತ್ತಸಂಚಯದ ಪ್ರತಿಯನ್ನು ಇಳಿಸಿಕೊಳ್ಳುತ್ತಾರೆ. ಇಳಿಸಿಕೊಂಡುದನ್ನು ತೆರೆದು ಕನ್ನಡದ ಒಂದೆರಡು ಸಾಲುಗಳನ್ನು ಗಟ್ಟಿಯಾಗಿ ಓದುತ್ತಾರೆ. ಓದಿ ನೋಡದ ಪ್ರತಿಯನ್ನು ಅವರು ಪ್ರತಿಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.