ರೇಟು ಎಷ್ಟದೆ ಕೂಸು?

ಬೆಂಗಳೂರಿನ ಆಫೀಸಲ್ಲಿ ಮಧ್ಯಾಹ್ನ ಊಟದ ಡಬ್ಬಿ ತೆಗೆಯೋ ಹೊತ್ತಿಗೆ ಸರಿಯಾಗಿ ದೊಡ್ಡಪ್ಪನ ಫೋನ್ ಬರುತ್ತೆ. ‘ಊಟ ಆಯ್ತಾ?’ ಅನ್ನೋದು ಮೊದಲ ಪ್ರಶ್ನೆ. ಎರಡನೆಯದು, ‘ಕೂಸು, ಬತ್ತದ ರೇಟು ಎಷ್ಟದೆ ನೋಡು.’

ಹೋದ ವರ್ಷದ ಸುಗ್ಗಿಯಲ್ಲೂ ಹೀಗೇ ಕೇಳಿದ್ದರು. ನಾನು ಮೊಬೈಲ್ ತೆಗೆದು, ಕಣ್ಣಿಗೆ ಬಿದ್ದ ದೊಡ್ಡ ಅಂಕಿಯನ್ನು ಓದಿಬಿಟ್ಟೆ. ಮನೆ ಬಾಗಿಲಿಗೆ ಬಂದಿದ್ದ ವ್ಯಾಪಾರಿಯನ್ನು ದೊಡ್ಡಪ್ಪ ವಾಪಸ್ ಕಳಿಸಿದರು. ಬಾಡಿಗೆ ಟ್ರ್ಯಾಕ್ಟರ್ ಹಿಡಿದು, ಬತ್ತ ಹೇರಿಕೊಂಡು ದೂರದ ಮಂಡಿಗೆ ಹೋದರು. ಅಲ್ಲಿ ‘ತೇವ ಜಾಸ್ತಿ ಅದೆ’ ಅಂದರಂತೆ. ಕೊನೆಗೆ ಸಿಕ್ಕಿದ್ದು ಬಾಗಿಲಿಗೆ ಬಂದವನು ಹೇಳಿದ ಬೆಲೆಗಿಂತ ಕಡಿಮೆ. ಬಾಡಿಗೆ ಬೇರೆ ಕೈಯಿಂದ ಹೋಯ್ತು. ದೊಡ್ಡಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಸಮಾಧಾನ ಆಗ್ತಿತ್ತು.

ಅದಕ್ಕೇ ಈ ಸಲ ಮುಡುಕುತೊರೆ ಜಾತ್ರೆ ಹೊತ್ತಿಗೆ ಮೂರು ದಿನ ರಜೆ ಹಾಕಿದೆ. ಊರಿಗೆ ಹೋಗೋದರ ಜೊತೆಗೆ, ನಾನು ಫೋನಲ್ಲಿ ಓದೋ ಅಂಕಿ ಎಲ್ಲಿ ಹುಟ್ಟುತ್ತೆ ಅಂತ ನೋಡಬೇಕಿತ್ತು.

ಮೈಸೂರಿಂದ ನಂಜನಗೂಡಿನ ಬಸ್ ಹತ್ತಿದರೆ ಊರು ದಾಟೋ ಹೊತ್ತಿಗೆ ಬಂಡಿಪಾಳ್ಯದ ಎಪಿಎಂಸಿ ಸಿಗುತ್ತೆ. ನಾವೆಲ್ಲ ಊಟಿಗೆ ಹೋಗುವಾಗ ಅದರ ಮುಂದೆಯೇ ಹೋಗಿರ್ತೀವಿ, ಲಾರಿ ಸಾಲು ಕಂಡು ‘ಅಯ್ಯೋ ಟ್ರಾಫಿಕ್’ ಅಂದಿರ್ತೀವಿ, ಅಷ್ಟೆ. ಸುತ್ತಲಿನ ತಾಲ್ಲೂಕುಗಳ ರೈತರು ತಮ್ಮೂರಿನ ಬೆಲೆಯನ್ನು ಹೋಲಿಸಿ ನೋಡೋದು ಈ ದೊಡ್ಡ ಮಾರುಕಟ್ಟೆಯ ಬೆಲೆ ಜೊತೆಗೆ.

ನಂಜನಗೂಡಲ್ಲಿ ಮೊದಲು ಶ್ರೀಕಂಠೇಶ್ವರನ ದರ್ಶನ, ಆಮೇಲೆ ಕಪಿಲೆಯ ಸೋಪಾನಕಟ್ಟೆಯಲ್ಲಿ ಕಾಲು ನೆನೆಸೋದು. ಇದು ನಮ್ಮ ಮನೆಯ ಪದ್ಧತಿ, ತಪ್ಪಿಸೋಹಾಗಿಲ್ಲ. ಹೊರಗೆ ರಸಬಾಳೆ ಕೇಳಿದೆ. ಜಿಐ ಮಾನ್ಯತೆ ಪಡೆದ ಹಣ್ಣು ಅದು. ಪನಾಮಾ ಸೊರಗು ರೋಗಕ್ಕೆ ತೋಟಗಳು ಹಾಳಾಗಿ, ಬೆಳೆಯೋರೇ ಕಡಿಮೆಯಾದರು. ಅಂಗಡಿಯವರು ಹೇಳಿದ ಬೆಲೆಯನ್ನು ಫೋನಲ್ಲಿ ತಾಳೆ ನೋಡೋಣ ಅಂದರೆ, ಅವತ್ತಿನ ಪಟ್ಟಿಯಲ್ಲಿ ರಸಬಾಳೆಯ ಹೆಸರೇ ಇರಲಿಲ್ಲ. ಮಾರುಕಟ್ಟೆಗೆ ಬಾರದ ಮಾಲಿಗೆ ಪಟ್ಟಿಯಲ್ಲಿ ಜಾಗ ಇಲ್ಲ. ಅವತ್ತು ಕಲಿತ ಮೊದಲ ಪಾಠ ಇದು.

ಎರಡನೇ ಪಾಠ ಹೇಳಿಕೊಟ್ಟವರು ಮಂಡಿಯೊಂದರ ರೈಟರು. ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಲೆಕ್ಕ ಬರೀತಿದ್ದ ಅವರ ಮುಂದೆ ನನ್ನ ಫೋನ್ ಹಿಡಿದೆ. ರಾಜ್ಯದ ಕೃಷಿ ಮಾರಾಟ ವಾಹಿನಿ ಇರಲಿ, ಕೇಂದ್ರದ ಆಗ್‌ಮಾರ್ಕ್‌ನೆಟ್ ಇರಲಿ, ಬೆಲೆ ತೋರಿಸೋ ರೀತಿ ಒಂದೇ: ಆವಕ, ಕನಿಷ್ಠ, ಗರಿಷ್ಠ, ಮಾದರಿ.

‘ನೀವು ಯಾವುದು ಓದಿ ಹೇಳಿದ್ರಿ?’

‘ಗರಿಷ್ಠ.’

ಅವರು ನಕ್ಕರು. ‘ಮೇಡಂ, ಅದು ಕ್ಲಾಸಿಗೆ ಫಸ್ಟ್ ಬಂದವನ ಮಾರ್ಕ್ಸು. ನಿಮ್ಮ ಹುಡುಗನಿಗೂ ಅಷ್ಟೇ ಬತ್ತದೆ ಅಂತ ಯಾಕ್ ಅನ್ಕತೀರಿ?’

ಅವತ್ತಿನ ಮಾಲಲ್ಲಿ ಹೆಚ್ಚಿನದು ಯಾವ ಬೆಲೆಗೆ ಹೋಯ್ತೋ ಅದು ‘ಮಾದರಿ’. ನೋಡಬೇಕಾದ್ದು ಅದನ್ನ. ಅದಕ್ಕೂ ಮೊದಲು ‘ಆವಕ’, ಅಂದರೆ ಎಷ್ಟು ಮಾಲು ಬಂತು ಅನ್ನೋದು. ಆವಕ ತೀರಾ ಕಡಿಮೆ ಇದ್ದರೆ ಆ ಬೆಲೆ ಒಬ್ಬಿಬ್ಬರು ರೈತರದ್ದು ಅಷ್ಟೆ, ಮಾರುಕಟ್ಟೆಯದ್ದಲ್ಲ. ತಳಿಯನ್ನೂ ನೋಡಬೇಕು. ಕೇರಳದ ಕಡೆ ಬೇಡಿಕೆ ಇರೋ ಜ್ಯೋತಿ ಬತ್ತದ ಬೆಲೆಯನ್ನು ಬೇರೆ ತಳಿ ಬೆಳೆದವನಿಗೆ ಓದಿ ಹೇಳಿದರೆ ಪ್ರಯೋಜನ ಇಲ್ಲ.

ಈ ಪಟ್ಟಿ ಸುಮ್ಮನೆ ಬಂದದ್ದಲ್ಲ. ಹಿಂದೆಲ್ಲ ಬೆಲೆ, ತೂಕ ಎರಡೂ ವ್ಯಾಪಾರಿಯ ಬಾಯಲ್ಲೇ ಇರ್ತಿದ್ದವು. 1966ರ ಎಪಿಎಂಸಿ ಕಾಯ್ದೆ ಮಾರಾಟವನ್ನು ಎಲ್ಲರ ಕಣ್ಣೆದುರಿನ ಪ್ರಾಂಗಣಕ್ಕೆ ತಂದಿತು. ರೇಡಿಯೋದಲ್ಲಿ ಪೇಟೆ ಧಾರಣೆ ಕೇಳಿಕೊಂಡೇ ನಮ್ಮ ತಾತ ಬತ್ತ ಕೊಡ್ತಿದ್ದರು. 2014ರಲ್ಲಿ ಕರ್ನಾಟಕ ಏಕೀಕೃತ ಆನ್‌ಲೈನ್ ಮಾರುಕಟ್ಟೆ ಶುರು ಮಾಡಿತು, 2016ರ ಏಪ್ರಿಲ್ 14ಕ್ಕೆ ಕೇಂದ್ರದ ಇ-ನ್ಯಾಮ್ ಬಂತು. ಅಂಕಿ ಈಗ ಜೇಬಿಗೇ ಬಂದಿದೆ. ಅದನ್ನು ಓದೋಕೆ ಮಾತ್ರ ನನ್ನಂಥ ಡಿಗ್ರಿಯವಳಿಗೂ ಬರ್ತಿರಲಿಲ್ಲ.

ನಂಜನಗೂಡಿಂದ ತಿ. ನರಸೀಪುರದ ಕಡೆ ಹೋಗೋ ದಾರಿಯಲ್ಲಿ ಕಬಿನಿ ನಾಲೆಯ ಬಯಲು ಜೊತೆಗೇ ಬರುತ್ತೆ. ಕೊಯ್ಲಾದ ಗದ್ದೆ, ಹುಲ್ಲಿನ ಮೆದೆ, ರಸ್ತೆ ಅಂಚಲ್ಲಿ ಒಣಹಾಕಿದ ಬತ್ತ. ಸಂಜೆ ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಹತ್ತಿರ ಇಳಿದು, ಕಾವೇರಿ ಕಪಿಲೆ ಸೇರೋ ಜಾಗ ನೋಡಿಕೊಂಡು ಊರು ಸೇರಿದೆ.

ರಾತ್ರಿ ಜಗಲಿ ಮೇಲೆ ದೊಡ್ಡಪ್ಪ ಹಳೇ ನೋಟ್‌ಬುಕ್ ತೆಗೆದರು. ಉದಾಹರಣೆಗೆ ಅಂತ ಇಬ್ಬರೂ ಲೆಕ್ಕ ಹಾಕಿದೆವು. 30 ಕ್ವಿಂಟಲ್ ಬತ್ತ, ದೂರದ ಮಾರುಕಟ್ಟೆಯಲ್ಲಿ ಕ್ವಿಂಟಲ್‌ಗೆ 100 ರೂಪಾಯಿ ಹೆಚ್ಚು ಅಂದುಕೊಳ್ಳಿ. ಲಾಭ 3,000. ಟ್ರ್ಯಾಕ್ಟರ್ ಬಾಡಿಗೆ 2,000, ಹಮಾಲಿ 600, ಜೊತೆಗೆ ಹೋದವರ ಊಟ, ಒಂದು ದಿನದ ಕೆಲಸ ಹಾಳು. ಉಳಿದದ್ದು ಏನೂ ಇಲ್ಲ.

‘ಹಂಗಾದ್ರೆ ಬೆಂಬಲ ಬೆಲೆಗೆ ಯಾಕೆ ಕೊಡಲ್ಲ ದೊಡ್ಡಪ್ಪ?’ ಅಂದೆ. 2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ಸಾಮಾನ್ಯ ಬತ್ತಕ್ಕೆ ಕ್ವಿಂಟಲ್‌ಗೆ 2,369 ರೂಪಾಯಿ, ಎ ಗ್ರೇಡ್‌ಗೆ 2,389, ರಾಗಿಗೆ 4,886 ಅಂತ ಗೊತ್ತು ಮಾಡಿತ್ತು.

‘ಕೊಡಬೋದು. ಫ್ರೂಟ್ಸ್ ಐಡಿ ಬೇಕು, ಹೆಸರು ಬರೆಸಬೇಕು, ತೇವ 17 ಪರ್ಸೆಂಟ್ ಒಳಗಿರಬೇಕು. ಅದೆಲ್ಲ ಸರೀನೆ. ದುಡ್ಡು ಬರೋಗಂಟ ಕಾಯಕ್ಕೆ ಮನೇಲಿ ದುಡ್ಡಿರಬೇಕಲ್ಲ ಕೂಸು? ಕೊಯ್ಲಿನ ಕೂಲಿ ಅವತ್ತೇ ಕೊಡಬೇಕು.’

ರೇಟು ಗೊತ್ತಿದ್ದರೂ ಕಾಯೋ ಶಕ್ತಿ ಇಲ್ಲದಿದ್ದರೆ ಅಗ್ಗಕ್ಕೇ ಕೊಡಬೇಕು. ಯಾವ ಆ್ಯಪ್‌ನಲ್ಲೂ ಇದಕ್ಕೊಂದು ಕಾಲಂ ಇಲ್ಲ.

ಮಾರನೇ ದಿನ ಮುಡುಕುತೊರೆ. ತಲಕಾಡಿನ ಪಂಚಲಿಂಗಗಳಲ್ಲಿ ಒಂದಾದ ಮಲ್ಲಿಕಾರ್ಜುನ ಇರೋ ಬೆಟ್ಟ, ಪಕ್ಕದಲ್ಲಿ ಕಾವೇರಿ, ಕೆಳಗೆ ದನಗಳ ಜಾತ್ರೆ. ಸಾಲು ಸಾಲು ಹಳ್ಳಿಕಾರ್ ಜೋಡಿಗಳು, ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ನಮ್ಮ ಅಣ್ಣ ಟಿಲ್ಲರ್ ತಗೋತೀನಿ ಅಂತ ಹಟ ಹಿಡಿದಿದ್ದಾನೆ. ಹಾಗಾಗಿ ದೊಡ್ಡಪ್ಪನ ಜೋಡಿಯೂ ಅವತ್ತು ಆ ಸಾಲಲ್ಲಿ ನಿಂತಿತ್ತು.

ಇಲ್ಲಿ ಫೋನ್ ಪಟ್ಟಿ ಕೆಲಸಕ್ಕೆ ಬರಲ್ಲ. ಮಾರುಕಟ್ಟೆ ಪಟ್ಟಿಗಳಲ್ಲಿ ಎತ್ತು, ಕುರಿ, ಮೇಕೆ ಅಂತ ಸಾಲುಗಳೇನೋ ಇವೆ. ಆದರೆ ಬತ್ತದ ಹಾಗೆ ಎತ್ತಿಗೆ ‘ಮಾದರಿ ಬೆಲೆ’ ಹೇಳೋದು ಹೇಗೆ? ಹಲ್ಲು ನೋಡ್ತಾರೆ: ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿ ಕೂಡಿದೆಯೋ ಅಂತ. ಸುಳಿ ನೋಡ್ತಾರೆ, ನಡೆ ನೋಡ್ತಾರೆ, ಜೋಡಿ ಹೊಂದಿದೆಯಾ ಅಂತ ದೂರ ನಿಂತು ನೋಡ್ತಾರೆ. ಇದೇ ತಾಲ್ಲೂಕಿನ ಬನ್ನೂರು ಕುರಿಗೂ ಅಷ್ಟೆ, ಗಿಡ್ಡ ಕಾಲು, ತುಂಬಿದ ಹಿಂಭಾಗ ನೋಡಿ ಕಣ್ಣಳತೆಯಲ್ಲೇ ಬೆಲೆ ಕಟ್ಟೋದು.

ಬೆಲೆ ಮಾತು ಟವೆಲ್ ಕೆಳಗೆ. ದಳ್ಳಾಳಿ ದೊಡ್ಡಪ್ಪನ ಕೈ ಮೇಲೆ ಟವೆಲ್ ಹಾಕಿ ಬೆರಳು ಹಿಡಿದ. ದೊಡ್ಡಪ್ಪ ತಲೆ ಅಲ್ಲಾಡಿಸಿದರು. ಮತ್ತೆ ಹಿಡಿದ. ಸುತ್ತ ನಿಂತ ಇಪ್ಪತ್ತು ಜನಕ್ಕೆ ಒಂದೂ ಗೊತ್ತಾಗಲಿಲ್ಲ. ಇದರಲ್ಲಿ ಮಾರೋನಿಗೂ ಅನುಕೂಲ ಇದೆ. ಒಬ್ಬ ಕಡಿಮೆ ಕೇಳಿದ ಅಂತ ಮುಂದಿನವನಿಗೆ ಗೊತ್ತಾಗಲ್ಲ, ಮರ್ಯಾದೆ ಉಳಿಯುತ್ತೆ. ಆದರೆ ದೊಡ್ಡಪ್ಪ ಅವತ್ತು ಹಿಡಿದದ್ದು ಮೂವರ ಕೈ. ದಳ್ಳಾಳಿ ಬೆಳಗಿಂದ ಹಿಡಿದದ್ದು ಎಷ್ಟು ಕೈಗಳೋ. ಇಡೀ ಜಾತ್ರೆಯ ರೇಟು ಗೊತ್ತಿದ್ದದ್ದು ಅವನಿಗೆ ಮಾತ್ರ. ಈ ವ್ಯತ್ಯಾಸ ಕಡಿಮೆ ಮಾಡೋಕೇ ಬೆಲೆ ಪಟ್ಟಿ ಬೇಕಾಗಿರೋದು ಅನ್ನೋದು ನನಗೆ ಸರಿಯಾಗಿ ಅರ್ಥ ಆಗಿದ್ದು ಅಲ್ಲೇ.

ಮಧ್ಯಾಹ್ನದ ಹೊತ್ತಿಗೆ ಜೋಡಿ ಮಾರಾಟ ಆಯ್ತು. ಎಷ್ಟಕ್ಕೆ ಅಂತ ಕೇಳಿದೆ. ದೊಡ್ಡಪ್ಪ ಹೆಗಲ ಟವೆಲ್ ತೆಗೆದು ನನ್ನ ಕೈ ಮೇಲೆ ಹಾಕಿ, ಬೆರಳು ಹಿಡಿದು ತೋರಿಸಿದರು. ನಗ್ತಿದ್ದರು, ಆದರೆ ಎತ್ತುಗಳ ಕಡೆ ತಿರುಗಿ ನೋಡಲಿಲ್ಲ. ಅಂಕಿ ಇಲ್ಲಿ ಬರೆಯಲ್ಲ, ಅದು ನಮ್ಮಿಬ್ಬರದ್ದು.

ಈಗಲೂ ಊಟದ ಹೊತ್ತಿಗೆ ಫೋನ್ ಬರುತ್ತೆ. ನಾನು ಹೇಳೋ ಉತ್ತರ ಸ್ವಲ್ಪ ಉದ್ದ ಆಗಿದೆ. ನರಸೀಪುರ, ನಂಜನಗೂಡು, ಬಂಡಿಪಾಳ್ಯ ಮೂರರದ್ದೂ ಮಾದರಿ ಬೆಲೆ ಹೇಳ್ತೀನಿ. ಆವಕ ಎಷ್ಟು, ಯಾವ ತಾರೀಖಿನದ್ದು, ಯಾವ ತಳಿ ಅಂತ ಹೇಳ್ತೀನಿ. ಹೋದ ವಾರಕ್ಕಿಂತ ಏರಿದೆಯಾ, ಇಳಿದಿದೆಯಾ ಅಂತಲೂ ಹೇಳ್ತೀನಿ. ಬಾಡಿಗೆ ಕಳೆಯೋ ಲೆಕ್ಕ ದೊಡ್ಡಪ್ಪನದ್ದು. ಕೊಯ್ಲಿಗೆ ಮುಂಚೆ ಕೂಲಿಗೆ ಅಂತ ಒಂದಿಷ್ಟು ದುಡ್ಡು ಕಳಿಸ್ತೀನಿ, ಅವರು ನಾಲ್ಕು ದಿನ ಕಾಯಲಿ ಅಂತ.

ನಿಮ್ಮ ಮನೆಯಲ್ಲೂ ಇಂಥ ಫೋನ್ ಮಾಡೋರು ಯಾರಾದರೂ ಇದ್ದರೆ, ದೊಡ್ಡ ಅಂಕಿ ಓದಿ ಇಟ್ಟುಬಿಡಬೇಡಿ. ಇನ್ನೆರಡು ನಿಮಿಷ ಕೊಡಿ, ಊಟ ಆರಿದರೂ ಪರವಾಗಿಲ್ಲ.